ಎಡಗಡೆಯ ಸೀಟು

9 ನವೆಂಬರ್ 2025, ಭಾನುವಾರ

ಕಾರು ನೋಡಲು ಚಿಕ್ಕಬಳ್ಳಾಪುರದಿಂದ ಸುನೀಲ್‌ಕುಮಾರ್ ಎಂಬುವರು ಬಂದಿದ್ದರು. ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ಅವರ ಕೆಲಸ. ಹತ್ತಕ್ಕೆ ಬರುತ್ತೇನೆಂದವರು ಒಂಬತ್ತೂಕಾಲಿಗೇ ಬಂದರು. ಉಪ್ಪಿಟ್ಟು ಇನ್ನೂ ಆಗಿರಲಿಲ್ಲ. ನಾನು ಇನ್ನಷ್ಟು ಬೇಗ ಏಳಬೇಕಿತ್ತು.

ನಮ್ಮ ಯಜಮಾನರು ಬೆಳಿಗ್ಗೆ ಐದಕ್ಕೇ ಎದ್ದು ಕಾರು ತೊಳೆದು, ಒರೆಸಿ, ಗೇಟಿನ ಮುಂದೆ ನಿಲ್ಲಿಸಿದ್ದರು. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಚಿಂತಾಮಣಿಯಲ್ಲಿ ಇಂಥದ್ದು ಇನ್ನೊಂದಿಲ್ಲ. 2021ರಲ್ಲಿ ಬೆಂಗಳೂರಿನ ಒಬ್ಬ ಡಾಕ್ಟರಿಂದ ಕೊಂಡದ್ದು. ಇವರ ಹನಿ ನೀರಾವರಿ ಪೈಪಿನ ಅಂಗಡಿಗಿಂತ ನನ್ನ ಸರ್ಕಾರಿ ಶಾಲೆಯ ಸಂಬಳದ ಚೀಟಿಗೆ ಬೇಗ ಸಾಲ ಸಿಗುತ್ತದೆಂದು ಕಾರು ನನ್ನ ಹೆಸರಿನಲ್ಲಿದೆ. ಸಾಲ ಹೋದ ಮಾರ್ಚಿಗೆ ತೀರಿತು. ಈಗ ಇದನ್ನು ಮಾರಿ ಎಲ್ಲರೂ ಕೂರುವಂಥ ಎತ್ತರದ ಕಾರು ತರಬೇಕೆಂದು ಯೋಚನೆ. ಮಾವನವರು ಸೊಂಟ ಮುರಿದುಕೊಂಡ ಮೇಲೆ ಇಷ್ಟು ತಗ್ಗಿನ ಸೀಟಿನಲ್ಲಿ ಕೂರಲಾರರು. ಅವರು ಬಚ್ಚಲಲ್ಲಿ ಜಾರಿ ಬಿದ್ದದ್ದು ನನ್ನಿಂದ. ಸೋಪಿನ ನೀರು ಪೂರ್ತಿ ಹೋಗುವಂತೆ ತೊಳೆದಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಬರೆಯುವುದೇಕೆ.

ಸುನೀಲ್‌ಕುಮಾರ್ ಚೀಲದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ತೆಗೆದು ಕಾರಿನ ಮೈಗೆ ಅಲ್ಲಲ್ಲಿ ಒತ್ತುತ್ತ ಹೋದರು. ಒತ್ತಿದಲ್ಲೆಲ್ಲ ಒಂದು ಸಂಖ್ಯೆ. ನೂರಹತ್ತು, ನೂರಹದಿನೈದು, ನೂರಹತ್ತು. ಎಡಗಡೆಯ ಬಾಗಿಲಿಗೆ ಒತ್ತಿದಾಗ ಆರುನೂರ ನಲವತ್ತು ಬಂತು.

“ಇಲ್ಲೇನು ಸಾರ್ ಜಾಸ್ತಿ?” ಎಂದು ಕೇಳಿದವಳು ನಾನೇ. ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

“ಬಣ್ಣದ ದಪ್ಪ ಮೇಡಂ ಇದು. ಕಂಪನಿ ಬಣ್ಣ ಆದ್ರೆ ನೂರು, ನೂರಿಪ್ಪತ್ತು. ಇಲ್ಲಿ ಬಣ್ಣದ ಕೆಳಗೆ ಪುಟ್ಟಿ ಇದೆ. ತಗ್ಗು ಬಿದ್ದಿದ್ದನ್ನ ಮೆತ್ತಿ ಮಟ್ಟ ಮಾಡಿದಾರೆ.” ಬಾಗಿಲು ತೆರೆದು ರಬ್ಬರ್ ಪಟ್ಟಿಯನ್ನು ಎಳೆದು ತೋರಿಸಿದರು. “ಬಾಗಿಲು ಹೋದ್ರೆ ಇನ್ನೊಂದು ಬಾಗಿಲು ಹಾಕ್ಕೋಬಹುದು, ಅದಕ್ಕೆ ಬೆಲೆ ಅಷ್ಟೇನೂ ಬೀಳಲ್ಲ. ಆದ್ರೆ ಈ ಕಂಬ ನೋಡಿ. ಕಾರಿಗೆ ಬೆನ್ನುಮೂಳೆ ಇದ್ದಂಗೆ ಇದು. ಇದನ್ನ ಕೊಯ್ದು ಬೆಸುಗೆ ಹಾಕಿದಾರೆ.”

ಆಮೇಲೆ ಯಾವುದೋ ತಂತಿ ಚುಚ್ಚಿ ಪರದೆ ನೋಡಿದರು. ಎಡಗಡೆಯ ಏರ್‌ಬ್ಯಾಗ್ ಜಾಗದಲ್ಲಿ ಏರ್‌ಬ್ಯಾಗೇ ಇಲ್ಲವಂತೆ. ಎಚ್ಚರಿಕೆಯ ದೀಪ ಉರಿಯದಂತೆ ಮಾತ್ರ ಮಾಡಿಟ್ಟಿದ್ದಾರಂತೆ. ಎಡಗಡೆಯ ಸೀಟ್ ಬೆಲ್ಟ್ ಬೇರೆ ಯಾವುದೋ ಗಾಡಿಯದು.

“ಬೆಲ್ಟ್ ಹಾಕ್ಕೊಂಡು ಯಾರಾದ್ರೂ ಕೂತಿದ್ದಾಗ ಗುದ್ದಿದ್ರೆ ಮಾತ್ರ ಈ ಗಾಡೀಲಿ ಅದು ಬಿಗಿದು ಕೂತುಬಿಡುತ್ತೆ. ಆಮೇಲೆ ಬದಲಾಯಿಸ್ಲೇಬೇಕು. ಅಂದ್ರೆ ಅವತ್ತು ಆ ಸೀಟಲ್ಲಿ ಯಾರೋ ಇದ್ರು ಮೇಡಂ.”

ಇವರು ಹದಿನೆಂಟು ಲಕ್ಷ ಅಂದುಕೊಂಡಿದ್ದರು. ಸುನೀಲ್‌ಕುಮಾರ್ ಒಂಬತ್ತು ಎಂದರು.

“ಅರ್ಧಾನಾ?” ಎಂದರು ಇವರು.

“ಇಂಥ ಕಾರನ್ನ ಜನ ಓಡಾಡೋಕೆ ಅಂತ ತಗೊಳಲ್ಲ ಸಾರ್, ಆಸೆಗೆ ತಗೊಳ್ತಾರೆ. ಮೈ ಹುಟ್ಟಿದಂಗೇ ಇರ್ಬೇಕು ಅವರಿಗೆ. ಕಂಪನೀಲೇ ರಿಪೇರಿ ಮಾಡ್ಸಿ, ಕಾಗದ ಇಟ್ಟಿದ್ರೆ ಇಷ್ಟು ಬೀಳ್ತಿರ್ಲಿಲ್ಲ. ಇದನ್ನ ಮುಚ್ಚಿಟ್ಟಿದಾರೆ. ಇನ್ನೂ ಏನೇನು ಮುಚ್ಚಿದಾರೋ ಅಂತ ಭಯ ಬರುತ್ತಲ್ಲ, ಅದಕ್ಕೇ ಬೆಲೆ ಕಳೆಯೋದು.”

ಅವರು ಹೋದ ಮೇಲೆ ಇವರು ಜಗಲಿಯ ಮೇಲೆ ತಲೆ ಹಿಡಿದು ಕೂತರು. “ಆ ಡಾಕ್ಟ್ರು ನನಗೆ ಟೋಪಿ ಹಾಕ್ಬಿಟ್ಟ ವಲ್ಲಿ,” ಎಂದರು. ಆ ಸೀಟಿನಲ್ಲಿ ನಾಲ್ಕು ವರ್ಷ ನಾನು ಕೂತಿದ್ದೇನೆ. ಪ್ರತಿ ಭಾನುವಾರ ಮಗಳು ಮಿತ್ರ ಕೂತಿದ್ದಾಳೆ. ಒಂಬತ್ತು ವರ್ಷದ ಮಗು.

ಆ ಸೀಟಿನಲ್ಲಿ ಅವತ್ತು ಇದ್ದವರು ಯಾರೋ, ಏನಾದರೋ. ಡಾಕ್ಟರ ಹೆಂಡತಿಯೇ ಇರಬಹುದು, ಪಾಪ.

10 ನವೆಂಬರ್, ಸೋಮವಾರ

ಐದನೇ ತರಗತಿಗೆ ಭಿನ್ನರಾಶಿ ಹೇಳಿಕೊಡುವಾಗ ಎರಡು ಸಲ ತಪ್ಪಿದೆ. ಮಕ್ಕಳೇ ತಿದ್ದಿದರು.

ಡಾಕ್ಟರ ಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ ಎಂದೆ. ಇವರು, “ಬಿಡು, ನಾಲ್ಕು ವರ್ಷ ಆಯ್ತು, ಏನು ಪುರಾವೆ ಇದೆ?” ಎಂದರು. ಇಷ್ಟೊಂದು ಒಳ್ಳೆಯವರಾದರೆ ಹೇಗೆ. ಪುರಾವೆ ನಾನು ಹುಡುಕಬೇಕು.

12 ನವೆಂಬರ್, ಬುಧವಾರ

ಸಿಕ್ಕಿತು. ಬೀರುವಿನಲ್ಲಿ ಕಾರಿನ ಫೈಲಿನೊಳಗೇ ಇತ್ತು. ಕೊಳ್ಳುವ ಮೊದಲು ಸಾಲ ಕೊಡುವ ಬ್ಯಾಂಕಿನವರು ತಮ್ಮ ಕಡೆಯವರಿಂದ ಮಾಡಿಸಿದ್ದ ತಪಾಸಣೆಯ ವರದಿ, ಐದು ಹಾಳೆ. ಆಗ ಸಹಿ ಮಾಡಿ ಒಳಗಿಟ್ಟವಳು ಓದಿಯೇ ಇರಲಿಲ್ಲ.

ಇವತ್ತು ಓದಿದೆ. ಎಡ ಬಾಗಿಲು: ಮೂಲ ಬಣ್ಣ, ನೂರಹನ್ನೆರಡು. ಎಡಗಡೆಯ ಕಂಬ: ಸರಿ. ಏರ್‌ಬ್ಯಾಗ್: ಎಲ್ಲವೂ ಇದೆ. ಸೀಟ್ ಬೆಲ್ಟ್: ಎಲ್ಲವೂ ಮೂಲದ್ದು.

ಮೊದಲು ನನಗೆ ಬಂದ ಯೋಚನೆ, ಈ ವರದಿ ಬರೆದವರೂ ಡಾಕ್ಟರ ಜೊತೆ ಸೇರಿದ್ದಾರೆ ಎಂದು. ಶಾಲೆಯ ಬಿಡುವಿನಲ್ಲಿ ಸುನೀಲ್‌ಕುಮಾರರಿಗೆ ಫೋನು ಮಾಡಿದೆ. ಅವರು ವರದಿಯ ತಾರೀಖು ಕೇಳಿದರು.

“ಮೇಡಂ, ಎಡ ಬಾಗಿಲಿನ ಗಾಜು ನೋಡಿ. ಮೂಲೇಲಿ ಸಣ್ಣ ಅಚ್ಚು ಇರುತ್ತೆ, ಅದರಲ್ಲಿ ಗಾಜು ಮಾಡಿದ ವರ್ಷ ಇರುತ್ತೆ. ನಾನು ಅವತ್ತು ನೋಡಿದೀನಿ. ಸಾರ್ ಎದುರಿಗೆ ಹೇಳೋದು ಬೇಡ ಅಂತ ಬಿಟ್ಟೆ.”

13 ನವೆಂಬರ್, ಗುರುವಾರ

ಬೆಳಿಗ್ಗೆ ಹೂ ಬಿಡಿಸುವ ನೆಪದಲ್ಲಿ ನೋಡಿದೆ. ಗಾಜಿನ ವರ್ಷ 2022.

ನಾವು ಕಾರು ಕೊಂಡದ್ದು 2021.

14 ನವೆಂಬರ್, ಶುಕ್ರವಾರ

ಮಕ್ಕಳ ದಿನಾಚರಣೆ. ಮಿಠಾಯಿ ಹಂಚಿದೆವು. ನಾನು ನಕ್ಕೆನಂತೆ, ಫೋಟೋದಲ್ಲಿದೆ.

2022ರಲ್ಲಿ ಕಾರು ಮನೆಯಲ್ಲಿ ಇಲ್ಲದ್ದು ಒಂದೇ ಸಲ. ಜುಲೈ ಕೊನೆಯಲ್ಲಿ ಮಿತ್ರಳ ಹುಟ್ಟುಹಬ್ಬಕ್ಕೆ ನಾವು ಕೈವಾರಕ್ಕೆ ಬಸ್ಸಿನಲ್ಲಿ ಹೋದೆವು. ಕಾರು ಗೌರಿಬಿದನೂರಿನಲ್ಲಿದೆ, ಎ.ಸಿ. ಕೆಟ್ಟಿದೆ, ಅಲೀಪುರದ ರಸ್ತೆಯಲ್ಲಿ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇದ್ದಾನೆ ಎಂದು ಇವರು ಹೇಳಿದ್ದರು. ಇಲ್ಲಿಂದ ಅಷ್ಟು ದೂರ ಏಕೆ ಎಂದು ನಾನು ಕೇಳಿರಲಿಲ್ಲ. ಆಗ ಮಾವನವರು ಮಂಚದ ಮೇಲಿದ್ದರು. ನನಗೆ ಬೇರೇನೂ ಕೇಳುವ ಮುಖವಿರಲಿಲ್ಲ.

ಆ ಸೀಟಿನಲ್ಲಿ ಯಾರೋ ಇದ್ದರು. ಯಾರು ಎಂದು ಯೋಚಿಸಬಾರದು ಅಂದುಕೊಂಡಷ್ಟೂ ಒಂದು ಹೆಂಗಸಿನ ಮುಖ ಕಟ್ಟಿಕೊಳ್ಳುತ್ತದೆ. ಒಮ್ಮೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಪದ್ಮಶ್ರೀ ಎನ್ನಿಸುತ್ತದೆ, ಒಮ್ಮೆ ಯಾರೂ ಅಲ್ಲ. ನಾಳೆ ಬೆಳಗಿನ ಶಾಲೆ ಮುಗಿಸಿ ಗೌರಿಬಿದನೂರಿನ ಹತ್ತಿರದ ತೊಂಡೇಬಾವಿಗೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ. ಅರ್ಧ ಸುಳ್ಳು.

15 ನವೆಂಬರ್, ಶನಿವಾರ

ಎಲ್ಲವನ್ನೂ ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಗ್ಯಾರೇಜು ಸಿಗುವುದು ಕಷ್ಟವಾಗಲಿಲ್ಲ. ಕೆಂಪು ಸ್ಪೋರ್ಟ್ಸ್ ಕಾರು ಎಂದೊಡನೆ ಆಟೋದವನೇ ಕರೆದುಕೊಂಡು ಹೋದ. ಯಜಮಾನ ವೆಂಕಟರವಣಪ್ಪ, ಅರವತ್ತು ದಾಟಿದವರು, ತಗಡು ಬಡಿದು ಬಡಿದು ಕಿವಿ ಮಂದ. ನಾನು ಕಾರಿನ ನಂಬರು ಹೇಳಿದೆ, ನನ್ನ ಹೆಸರಿನಲ್ಲಿರುವ ಆರ್.ಸಿ. ತೋರಿಸಿದೆ. ಅವರ ಮುಖ ಅರಳಿತು.

“ಕೂತ್ಕೋಮ್ಮಾ, ಕೂತ್ಕೋ. ಚಿಂತಾಮಣಿ ವಿವೇಕ್ ಅವರ ಮನೆಯೋರಾ? ಪೆದ್ದಾಯನ ಹೆಂಗವ್ರಮ್ಮ?”

“ಯಾರು?”

“ನಿಮ್ಮ ಮಾವ, ಮೇಷ್ಟ್ರು. ಸೊಂಟ ಮುರ್ಕೊಂಡಿದ್ರಲ್ಲ ಪಾಪ. ಈಗ ಓಡಾಡ್ತಾವ್ರಾ?”

ನಾನು ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ. ಎದುರಿಗೆ ಯಾವುದೋ ಜೀಪಿಗೆ ಒಬ್ಬಾತ ಬೆಸುಗೆ ಹಾಕುತ್ತಿದ್ದ. ಆ ಬೆಳಕನ್ನು ನೋಡಬಾರದೆಂದು ಗೊತ್ತಿದ್ದೂ ನೋಡುತ್ತಲೇ ಇದ್ದೆ. “ಮಾವನವರು ಕಾರಿನಲ್ಲಿದ್ದರಾ?” ಎಂದು ಕೇಳಿದೆ. ನನ್ನ ಬಾಯಿಂದ ಬಂದದ್ದು ಪುಸ್ತಕದ ಭಾಷೆ. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಮಾತಾಡುವ ಹಾಗೆ.

ಅವರಿಗೆ ಆಗ ತಿಳಿಯಿತು ನನಗೆ ತಿಳಿದಿಲ್ಲವೆಂದು. ಮೆಲ್ಲಗೆ ಹೇಳಿದರು. ಅಂಬಾಜಿದುರ್ಗದ ಕೆಳಗಿನ ತಿರುವಿನಲ್ಲಿ ಹುಣಸೆಮರಕ್ಕೆ ಎಡಮಗ್ಗುಲು ಕೊಟ್ಟು ಗುದ್ದಿದ್ದಂತೆ. ತಂದೆಯನ್ನು ಆಸ್ಪತ್ರೆಗೆ ಸೇರಿಸಿ, ಮರುದಿನ ಕಾರನ್ನು ಲಾರಿಯಲ್ಲಿ ಹಾಕಿಕೊಂಡು ವಿವೇಕ್ ಬಂದರಂತೆ. ವಿಮೆ ಬೇಡ, ಓನರ್‌ಗೆ ಮೆಸೇಜು ಹೋಗುತ್ತೆ ಎಂದರಂತೆ.

ಓನರ್ ನಾನು.

“ಏರ್‌ಬ್ಯಾಗ್ ಹಾಕ್ಸಿ ಅಂತ ಮೂರು ಸಲ ಹೇಳಿದೆ ಕಣಮ್ಮ. ದುಬಾರಿ ಸಾಮಾನು, ಆಮೇಲೆ ನೋಡಣ, ಈಗ ಲೈಟು ಉರೀದಂಗೆ ಮಾಡ್ಕೊಡಿ ಅಂದ್ರು. ಮಾಡ್ಕೊಟ್ಟೆ. ನನ್ನ ತಪ್ಪೂ ಐತೆ.” ರಿಜಿಸ್ಟರ್ ತೆಗೆದು ತೋರಿಸಿದರು. 13 ಜುಲೈ 2022. ಮಾವನವರು ಬಚ್ಚಲಲ್ಲಿ ಬಿದ್ದ ಮರುದಿನ.

ಬಚ್ಚಲಲ್ಲಿ ಬಿದ್ದ ಎಂದು ನನ್ನ ಕೈ ತಾನಾಗಿಯೇ ಬರೆಯುತ್ತಿದೆ.

ಬಸ್ಸಿನಲ್ಲಿ ಒಂದು ವಿಷಯ ನೆನಪಾಯಿತು. ಆಗ ಮಾವನವರ ಎದೆಯ ಮೇಲೆ ಒಂದು ನೀಲಿಗಟ್ಟಿದ ಬರೆ ಇತ್ತು. ಎಡ ಭುಜದಿಂದ ಬಲಗಡೆಯ ಸೊಂಟದವರೆಗೆ ಓರೆಯಾಗಿ, ಮೂರು ಬೆರಳಗಲ. ಬಿದ್ದಾಗ ಬಕೆಟ್ಟಿನ ಅಂಚು ತಗುಲಿತು ಎಂದಿದ್ದರು. ಇಪ್ಪತ್ತು ದಿನ ಅದಕ್ಕೆ ನಾನೇ ಎಣ್ಣೆ ಸವರಿದ್ದೆ, ಪ್ರತಿಸಲ ಕ್ಷಮಿಸಿ ಮಾವ ಎನ್ನುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೋವಿಗೆ ಎಂದುಕೊಂಡಿದ್ದೆ.

ಯಾವ ಬಕೆಟ್ಟಿನ ಅಂಚು ಅಷ್ಟು ಉದ್ದ ಇರುತ್ತದೆ?

16 ನವೆಂಬರ್, ಭಾನುವಾರ

ಮಿತ್ರಳನ್ನು ಕಾರಿನಲ್ಲಿ ಸುತ್ತಾಡಿಸಲು ವಿವೇಕ್ ಹೊರಟರು. ಬೇಡ ಎಂದೆ.

“ಯಾಕೆ?”

“ಬೇಡ.”

ಇಬ್ಬರೂ ನನ್ನನ್ನೇ ನೋಡಿದರು. ಕೀಲಿಕೈ ತೆಗೆದು ಅಕ್ಕಿಯ ಡಬ್ಬದಲ್ಲಿ ಹಾಕಿದೆ.

18 ನವೆಂಬರ್, ಮಂಗಳವಾರ

ಅತ್ತೆ ಶಿಡ್ಲಘಟ್ಟದಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ನಾನು ಅರ್ಧ ದಿನ ರಜೆ ಹಾಕಿ ಬಂದೆ. ಮಾವನವರು ಜಗಲಿಯಲ್ಲಿ ವಾಕರ್ ಪಕ್ಕಕ್ಕಿಟ್ಟು ಪೇಪರು ಓದುತ್ತಿದ್ದರು. ಮೂವತ್ತೆಂಟು ವರ್ಷ ಗಣಿತ ಹೇಳಿದವರು, ಪುಟ್ಟಸ್ವಾಮಯ್ಯ ಮೇಷ್ಟರು ಎಂದರೆ ಈಗಲೂ ಪೇಟೆಯಲ್ಲಿ ಎದ್ದು ನಿಲ್ಲುತ್ತಾರೆ. ಪಕ್ಕದಲ್ಲಿ ಕೂತು, ಗೌರಿಬಿದನೂರಿಗೆ ಹೋಗಿದ್ದೆ ಮಾವ ಎಂದೆ.

ಅವರು ಪೇಪರು ಮಡಿಸಿದರು. ಮತ್ತೆ ಬಿಡಿಸಿದರು. ಮತ್ತೆ ಮಡಿಸಿದರು.

“ಅವನದಲ್ಲಮ್ಮ ತಪ್ಪು. ನಾನೇ ಓಡ್ಸೋ ಅಂದೆ.”

“ನೀವಾ?”

“ಎಲ್ಲರ ಮುಂದೆ ಆ ಕಾರನ್ನ ಬೈದೋನು ನಾನೇ. ಅವತ್ತು ಮನೇಲಿ ಯಾರೂ ಇರ್ಲಿಲ್ಲ. ಒಂದು ಸಲ ಕೂತ್ಕೊಂಡು ನೋಡಣ ಅನ್ನಿಸ್ತು. ಕೂತೆ. ಇಷ್ಟೇನಾ ಓಡೋದು ಇದು, ಅಂದೆ. ಇನ್ನೂ ಓಡ್ಸೋ, ಇನ್ನೂ ಓಡ್ಸೋ ಅಂದೆ. ಮಗು ತರ ಕೂಗ್ತಿದ್ನಂತೆ ನಾನು.” ಕನ್ನಡಕ ತೆಗೆದು ಒರೆಸಿದರು. “ಎಪ್ಪತ್ತೊಂದು ವರ್ಷದ ಮುದುಕ ಹೇಳ್ಕೊಳ್ಳೋ ವಿಷಯಾನಾ ಅದು? ಆಸ್ಪತ್ರೇಲಿ ನಿಮ್ಮತ್ತೆ ರಾಧಾ ಬಂದು ಏನಾಯ್ತು ಅಂದ್ಲು. ಬಚ್ಚಲಲ್ಲಿ ಬಿದ್ದೆ ಅಂದ್ಬಿಟ್ಟೆ. ಬಾಯಿಗೆ ಬಂದಿದ್ದು ಅದು.”

“ಅದು ನನ್ನ ಮೇಲೆ ಬಂತು ಮಾವ.”

“ಬರುತ್ತೆ ಅಂತ ಗೊತ್ತಿರ್ಲಿಲ್ಲ. ಬಚ್ಚಲು ಯಾರು ತೊಳೆದಿದ್ದು ಅಂತ ಅವಳು ಕೇಳಿದ ಮೇಲೆ ಗೊತ್ತಾಯ್ತು.”

“ಗೊತ್ತಾದ ಮೇಲೆ ಮೂರು ವರ್ಷ ನಾಲ್ಕು ತಿಂಗಳು ಆಯ್ತು.”

ನಾನು ಹೀಗೆ ಲೆಕ್ಕ ಹೇಳುತ್ತೇನೆಂದು ಅವರು ನಿರೀಕ್ಷಿಸಿರಲಿಲ್ಲ. ಎಂಟು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಅವರ ಹಾಸಿಗೆ ಬದಲಾಯಿಸಿದ್ದು, ಮುಖ್ಯೋಪಾಧ್ಯಾಯಿನಿಯ ಬಡ್ತಿ ಬಿಟ್ಟುಕೊಟ್ಟಿದ್ದು, ಮದುವೆ ಮುಂಜಿಗಳಲ್ಲಿ ‘ಇವಳೇ ನೋಡಿ ಮಾವನ್ನ ಬೀಳಿಸಿದೋಳು’ ಎಂದು ಅತ್ತೆ ನಗುನಗುತ್ತ ಪರಿಚಯ ಮಾಡಿಕೊಟ್ಟದ್ದು, ಯಾವುದನ್ನೂ ನಾನು ಹೇಳಲಿಲ್ಲ. ಅವರಿಗೆ ಎಲ್ಲ ಗೊತ್ತು. ಅವರು ಆಗೆಲ್ಲ ಅಲ್ಲೇ ಕೂತಿದ್ದರು.

“ಅತ್ತೆಗೆ ನೀವೇ ಹೇಳಬೇಕು,” ಎಂದೆ.

“ಹೇಳ್ತೀನಮ್ಮ. ಸ್ವಲ್ಪ ಸಮಯ ಕೊಡು.”

ಎದ್ದು ಒಳಗೆ ಬಂದೆ.

20 ನವೆಂಬರ್, ಗುರುವಾರ

ವಿವೇಕ್ ಒಪ್ಪಿಕೊಂಡರು. ಯಾರಿಗೂ ಹೇಳಬೇಡ ಎಂದು ಮಾವನವರೇ ಆಣೆ ಹಾಕಿಸಿಕೊಂಡಿದ್ದರಂತೆ. ನಿನಗೆ ಹೇಳಿದ್ದರೆ ಕಾರು ಮಾರಿಸಿಬಿಡುತ್ತಿದ್ದೆ ಎಂದರು. ಅದನ್ನೆಲ್ಲ ಕೇಳಿಸಿಕೊಂಡೆ.

“ಏರ್‌ಬ್ಯಾಗ್ ಯಾಕೆ ಹಾಕಿಸಲಿಲ್ಲ?”

“ಹಾಕಿಸ್ಬೇಕು ಅಂತಿದ್ದೆ ವಲ್ಲಿ. ಆಮೇಲೆ ಅಪ್ಪನ ಗಲಾಟೆ, ಅಂಗಡಿ ಗಲಾಟೆ… ಮರೆತುಹೋಯ್ತು.”

ಮರೆತುಹೋಯಿತಂತೆ.

21 ನವೆಂಬರ್, ಶುಕ್ರವಾರ

ಮರೆತುಹೋಯಿತಂತೆ. ಮಗುವನ್ನು ಆ ಸೀಟಿನಲ್ಲಿ ಕೂರಿಸಿ ತಾವೇ ಬಾಗಿ ಬೆಲ್ಟ್ ಹಾಕುತ್ತಿದ್ದರು. ಪ್ರತಿ ಭಾನುವಾರ. ಅದೂ ಬೇರೆ ಗಾಡಿಯ ಬೆಲ್ಟ್.

23 ನವೆಂಬರ್, ಭಾನುವಾರ

ಇವತ್ತು ಶಿಡ್ಲಘಟ್ಟದಿಂದ ಕಾರು ಕೊಳ್ಳುವವರು ಬಂದರು. ಬರುತ್ತಾರೆಂದು ನನಗೆ ಗೊತ್ತಾದದ್ದು ಅವರು ಗೇಟು ತೆರೆದಾಗಲೇ. ವಿವೇಕ್ ಅವರೇ ಫೋನಿನಲ್ಲಿ ಮಾತಾಡಿ ಹದಿನೇಳಕ್ಕೆ ಒಪ್ಪಿಸಿದ್ದರು. ನರೇಂದ್ರ ಎಂಬ ಹುಡುಗ, ರೇಷ್ಮೆ ನೂಲಿನ ವ್ಯಾಪಾರ, ಜೊತೆಗೆ ಹೆಂಡತಿ ಮಾಲಾ. ಅವಳಿಗೆ ಆರೋ ಏಳೋ ತಿಂಗಳು. ಅತ್ತೆ ಅವಳನ್ನು ಕೈಹಿಡಿದು ಕೂರಿಸಿ ಬಾಳೆಹಣ್ಣು ಕೊಟ್ಟರು.

“ಮೆಕ್ಯಾನಿಕ್ಕನ್ನ ಕರ್ಕೊಂಡು ಬಾ ಅಂದ್ರು ನಮ್ಮಪ್ಪ,” ಎಂದ ನರೇಂದ್ರ. “ಮೇಷ್ಟ್ರ ಮನೆ ಕಾರು ಅಂದೆ. ನಮ್ಮಪ್ಪ ಮೇಷ್ಟ್ರ ಹತ್ರಾನೇ ಓದಿದ್ದು. ಅವರ ಮನೇದಾದ್ರೆ ನೋಡೋದೇ ಬೇಡ ಅಂದ್ರು.” ಮಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಾವನವರು ಅವನ ತಲೆಯ ಮೇಲೆ ಕೈಯಿಟ್ಟರು.

ವಿವೇಕ್ ಇನ್ನೊಂದು ಕೀಲಿಕೈ ತಂದು ಕಾರು ತೆರೆದರು. ಮಾಲಾ ಎಡಗಡೆಯ ಸೀಟಿನಲ್ಲಿ ಕೂತು ನೋಡಿದಳು. ಹೊಟ್ಟೆಯ ಮೇಲೆ ಬೆಲ್ಟ್ ಎಳೆದುಕೊಂಡು, “ಎಷ್ಟು ಚೆನ್ನಾಗಿದೇರಿ,” ಎಂದು ಗಂಡನಿಗೆ ಹೇಳಿದಳು.

ಒಳಗೆ ಬಂದು ವಿವೇಕ್ ಕಾಗದ ಮುಂದಿಟ್ಟರು. ಆರ್.ಟಿ.ಒ. ಫಾರಂಗಳು, ಅದರ ಮೇಲೆ ಒಂದು ಬಿಳಿ ಹಾಳೆ. ‘ಈ ವಾಹನಕ್ಕೆ ಯಾವುದೇ ಅಪಘಾತ ಆಗಿರುವುದಿಲ್ಲ’ ಎಂದು ಟೈಪು ಮಾಡಿತ್ತು, ಕೆಳಗೆ ನನ್ನ ಹೆಸರು. ಪೆನ್ನು ಕೈಗೆ ಕೊಟ್ಟು, “ಸೈನ್ ಮಾಡು ವಲ್ಲಿ,” ಎಂದರು. ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದರು.

ಪೆನ್ನಿನ ಮುಚ್ಚಳ ಹಾಕಿ ಹಾಳೆಯ ಮೇಲಿಟ್ಟೆ. “ಈ ಕಾರು ಮರಕ್ಕೆ ಗುದ್ದಿದೆ ನರೇಂದ್ರ. ಎಡಗಡೆ ಕಂಬ ಕೊಯ್ದು ಬೆಸುಗೆ ಹಾಕಿದಾರೆ. ನಿಮ್ಮ ಹೆಂಡತಿ ಕೂತಿದ್ರಲ್ಲ, ಆ ಕಡೆ ಏರ್‌ಬ್ಯಾಗ್ ಇಲ್ಲ. ಹದಿನೇಳು ಲಕ್ಷದ ಕಾರಲ್ಲ ಇದು,” ಎಂದೆ.

ನರೇಂದ್ರ ನನ್ನನ್ನು, ವಿವೇಕ್‌ರನ್ನು, ಮತ್ತೆ ನನ್ನನ್ನು ನೋಡಿದ. ಅತ್ತೆಗೆ ಸಿಟ್ಟು ಬಂತು. “ಏನೇ ಮಾತಾಡ್ತಿದೀಯ, ಬಂದೋರ ಮುಂದೆ? ಯಾವಾಗ ಗುದ್ದಿತ್ತು? ನಮ್ಮನೇಲಿ ಯಾರಿಗೆ ಏನಾಗಿತ್ತು?”

“ನನಗೆ ಆಗಿತ್ತು ರಾಧಾ.”

ಮಾವನವರು ಎದ್ದು ನಿಂತಿದ್ದರು, ವಾಕರ್ ಇಲ್ಲದೆ, ಗೋಡೆ ಹಿಡಿದು.

“ಆ ಸೀಟಲ್ಲಿ ಇದ್ದೋನು ನಾನು. ಬಚ್ಚಲಲ್ಲಿ ಬೀಳ್ಲಿಲ್ಲ ನಾನು. ಅಂಬಾಜಿದುರ್ಗದ ಹತ್ರ ಇವನ ಜೊತೆ ಕಾರಲ್ಲಿದ್ದೆ. ವಲ್ಲೀದು ಏನೂ ತಪ್ಪಿಲ್ಲ. ಯಾವತ್ತೂ ಇರ್ಲಿಲ್ಲ.”

ಮಾಲಾ ಕೈಯಲ್ಲಿದ್ದ ಬಾಳೆಹಣ್ಣನ್ನು ತಟ್ಟೆಗೆ ಹಾಕಿದಳು. ಅತ್ತೆ ಮಾವನವರನ್ನೇ ನೋಡುತ್ತ ನಿಂತವರು, ಸೆರಗು ಬಾಯಿಗೆ ಒತ್ತಿ, ಹಿತ್ತಲಿಗೆ ಹೋದರು. ನಾನು ಓಡಿಹೋಗಿ ಮಾವನವರನ್ನು ಹಿಡಿದು ಕೂರಿಸಿದೆ. ಬೀಳುವುದರಲ್ಲಿದ್ದರು.

24 ನವೆಂಬರ್, ಸೋಮವಾರ

“ನಿನ್ನ ಒಂದು ಮಾತಿಗೆ ಎಂಟು ಲಕ್ಷ ಹೋಯ್ತು,” ಎಂದರು ವಿವೇಕ್.

“ಅದು ಹೋಗಿದ್ದು ಮರಕ್ಕೆ ಗುದ್ದಿದ ದಿನ,” ಎಂದೆ.

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇಂಗು ಮುಗಿದಿದೆ, ತರಬೇಕು.

28 ನವೆಂಬರ್, ಶುಕ್ರವಾರ

ನರೇಂದ್ರ ಬುಧವಾರ ಮತ್ತೆ ಬಂದಿದ್ದ, ಈ ಸಲ ಅವರಪ್ಪ ಮತ್ತು ಮೆಕ್ಯಾನಿಕ್ ಜೊತೆ. ಎರಡು ಗಂಟೆ ಕಾರಿನ ಕೆಳಗೆ ಮಲಗಿ ನೋಡಿದರು. ಕೊನೆಗೆ ಒಂಬತ್ತಕ್ಕೆ ಒಪ್ಪಿದರು. ಏರ್‌ಬ್ಯಾಗ್ ಮತ್ತು ಬೆಲ್ಟ್ ಹಾಕಿಸಿ ಬಿಲ್ಲು ಸಮೇತ ಕೊಡಬೇಕೆಂದು ನಾನೇ ಷರತ್ತು ಹಾಕಿದೆ, ಖರ್ಚು ನಮ್ಮದೇ. ಮಾರುವವರೇ ಹೀಗೆ ಷರತ್ತು ಹಾಕುವುದನ್ನು ನೋಡಿರಲಿಲ್ಲ ಎಂದು ಅವರಪ್ಪ ನಕ್ಕರು.

ಇವತ್ತು ಸಹಿ ಮಾಡಿದೆ. ಟೈಪು ಮಾಡಿದ ಹಾಳೆ ಹರಿದು, ನನ್ನ ಕೈಯಲ್ಲೇ ಬರೆದೆ. 12 ಜುಲೈ 2022, ಅಂಬಾಜಿದುರ್ಗದ ತಿರುವು, ಎಡಗಡೆ, ಏನೇನು ಬದಲಾಗಿದೆ, ಯಾರು ಮಾಡಿದ್ದು, ಎಲ್ಲ. ಸಾಕ್ಷಿಯ ಜಾಗದಲ್ಲಿ ಮಾವನವರು ಸಹಿ ಹಾಕಿದರು. ವಿವೇಕ್ ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದು, ಬಂದು, ತಾವೂ ಹಾಕಿದರು. ಆಮೇಲೆ, “ನನ್ನ ಜೊತೆ ಇನ್ಮೇಲೆ ಮಾತಾಡಲ್ವಾ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನನಗೆ ನಿಜವಾಗಿಯೂ ಗೊತ್ತಿಲ್ಲ.

ಹಣ ನನ್ನ ಖಾತೆಗೆ ಬರುತ್ತದೆ. ಯಾವ ಕಾರು ನೋಡೋಣ ಎಂದು ಯಾರೂ ಕೇಳುತ್ತಿಲ್ಲ. ನಾನೂ ಹೇಳಿಲ್ಲ.

ಅತ್ತೆ ಐದು ದಿನದಿಂದ ಯಾರೊಡನೆಯೂ ಮಾತಾಡಿಲ್ಲ. ಮಾವನವರಿಗೆ ತಟ್ಟೆ ಇಟ್ಟು ಹೋಗುತ್ತಾರೆ, ಬಡಿಸುವುದಿಲ್ಲ.

30 ನವೆಂಬರ್, ಭಾನುವಾರ

ಬಿಸಿಲಿಗೆ ಬೇಳೆ ಹರಡುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಕಲ್ಲು ಆರಿಸತೊಡಗಿದರು. ಒಂದು ಹಿಡಿ ಆರಿಸಿ ಬಾಯಿ ತೆರೆದರು. ಕೇಳಿದ್ದು ಕ್ಷಮೆಯನ್ನಲ್ಲ.

“ಮೂರು ವರ್ಷ ಅಂದೆ, ಆಡಿದೆ, ನಾಲ್ಕು ಜನರ ಮುಂದೆ ನಗಾಡಿದೆ. ನೀನ್ಯಾಕೆ ತಿರುಗಿಸಿ ಒಂದು ಮಾತು ಆಡ್ಲಿಲ್ಲ?”

“ನನಗೂ ಹಾಗೇ ಅನ್ಸಿತ್ತು ಅತ್ತೆ. ನಾನೇ ಬೀಳಿಸಿದ್ದು ಅಂತ.”

ಅವರು ಬೇಳೆಯಲ್ಲಿ ಬೆರಳಾಡಿಸಿದರು. “ಅವರು ಸುಳ್ಳು ಹೇಳಿದ್ರು, ಸರಿ. ಆದ್ರೆ ನೀನು ಅವತ್ತು ಬಚ್ಚಲು ತೊಳೆದಿದ್ದು ನಿಜ ತಾನೆ? ಸೋಪು ಹಾಗೇ ಬಿಟ್ಟಿದ್ದು ನಿಜ ತಾನೆ? ನೀನೇ ಹೇಳಿದ್ದೆ ನನ್ನ ಹತ್ರ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟಾದರೂ ನಿಜವಾಗಿರಲಿ ಎಂಬ ಹಾಗಿತ್ತು. ನಾನು, “ನಿಜ ಅತ್ತೆ,” ಎಂದೆ. ನನಗೆ ನೆನಪಿದೆ. ನೊರೆ, ಹಸಿರು ಬಣ್ಣದ ಬ್ರಷ್ಷು, ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಬಿಟ್ಟು ಓಡಿದ್ದು.

ಆದರೂ ಎದ್ದು ಹೋಗಿ ಅಟ್ಟದ ಟ್ರಂಕಿನಿಂದ ಆ ವರ್ಷದ ದಿನಚರಿ ತಂದೆ. ಏಕೆ ತಂದೆನೋ. ಯಾರಾದರೂ ಏನಾದರೂ ಹೇಳಿದರೆ ಈಗೀಗ ಕಾಗದ ನೋಡಬೇಕು ಎನ್ನಿಸುತ್ತದೆ. ಜುಲೈ ತೆಗೆದೆ. ಅತ್ತೆಗೆ ಕನ್ನಡಕ ಇರಲಿಲ್ಲ, ಜೋರಾಗಿ ಓದು ಎಂದರು. ಶಾಲೆಯ ಬಿಡುವಿನಲ್ಲಿ ಬರೆದದ್ದು ಅದು, ಮನೆಯಿಂದ ಇನ್ನೂ ಫೋನು ಬರುವ ಮೊದಲು.

‘12 ಜುಲೈ, ಮಂಗಳವಾರ. ಇವತ್ತೂ ನಲ್ಲಿಯಲ್ಲಿ ನೀರಿಲ್ಲ, ಇದು ಆರನೇ ದಿನ. ಇದ್ದ ಎರಡು ಬಿಂದಿಗೆ ಅಡುಗೆಗೆ ಆಯಿತು. ಬಚ್ಚಲು ತೊಳೆಯಲಾಗಲಿಲ್ಲ. ನೆಲ ಒಣಗಿ ಧೂಳು ಹಿಡಿದಿದೆ. ಸಂಜೆ ಟ್ಯಾಂಕರು ಬಂದರೆ ತೊಳೆಯಬೇಕು.’

ಓದಿ ನಿಲ್ಲಿಸಿದೆ. ಅಕ್ಷರ ನನ್ನದೇ. ಪುಟ ತಿರುಗಿಸಿದೆ. ನಾಲ್ಕು ದಿನ ಬಿಟ್ಟು ಅದೇ ಕೈಯಲ್ಲಿ, ಸೋಪಿನ ನೀರು ಬಿಟ್ಟು ಬಂದದ್ದು ನನ್ನ ತಪ್ಪು, ನನ್ನದೇ ತಪ್ಪು, ಎಂದು ಬರೆದಿತ್ತು.

ನೊರೆ ನನಗೆ ಈಗಲೂ ಕಾಣುತ್ತಿದೆ. ಬ್ರಷ್ಷಿನ ಹಸಿರು ಕೂಡ.

ಅತ್ತೆ ಅಲುಗಾಡದೆ ಕೂತಿದ್ದರು. ಕೈಯಲ್ಲಿದ್ದ ಬೇಳೆ ಬೆರಳ ಸಂದಿಯಿಂದ ಸುರಿದು ಹೋಗಿತ್ತು.

“ಅವತ್ತು ನೀರೇ ಬಂದಿರ್ಲಿಲ್ವಾ ವಲ್ಲಿ?”

“ಇಲ್ಲ ಅತ್ತೆ.”

ಅವರು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟರು. ಯಾವ ಸಾಲೆಂದು ಅವರಿಗೆ ಕಾಣುತ್ತಿರಲಿಲ್ಲ. ನಾನೇ ಬೆರಳು ಹಿಡಿದು ಸರಿಯಾದ ಜಾಗಕ್ಕೆ ಸರಿಸಿದೆ.

“ಇನ್ನೊಂದ್ಸಲ ಓದಮ್ಮ,” ಎಂದರು.